ಪದ ಪರಿಚಯ: ಎಳೆದಿಡುವ ಚಟುವಟಿಕೆ

ಪರದೆಯ ಮೇಲಿರುವ ಒಂದು ಪದವನ್ನೋ ಚಿತ್ರವನ್ನೋ ಮೌಸ್‌ನಿಂದ ಅಥವಾ ಬೆರಳಿನಿಂದ ಒತ್ತಿ ಹಿಡಿದು, ಹಿಡಿತ ಬಿಡದೆ ಬೇರೊಂದು ಜಾಗಕ್ಕೆ ಸರಿಸಿ, ಅಲ್ಲಿ ಕೈಬಿಡುವ ಕ್ರಿಯೆಗೆ ಡ್ರ್ಯಾಗ್ ಅಂಡ್ ಡ್ರಾಪ್ ಎಂದು ಹೆಸರು. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಬೇಡದ ಕಡತವನ್ನು ಕಸದ ಬುಟ್ಟಿಯ ಚಿತ್ರದ ಮೇಲೆ ಎಳೆದು ಹಾಕುವ ಕ್ರಮ ಬಳಕೆಗೆ ಬಂದಂದಿನಿಂದ ಇದು ಜನಸಾಮಾನ್ಯರ ಕೈಗೆ ರೂಢಿಯಾಯಿತು. ಇದೇ ಕ್ರಿಯೆಯನ್ನು ಉತ್ತರ ಕೊಡುವ ವಿಧಾನವಾಗಿ ಬಳಸಿ, ವಿದ್ಯಾರ್ಥಿಯು ಬರೆಯುವ ಬದಲು ಸರಿಸಿ ಜೋಡಿಸುವಂತೆ ರೂಪಿಸಿದ ಡಿಜಿಟಲ್ ಪಾಠವೇ ಡ್ರ್ಯಾಗ್ ಅಂಡ್ ಡ್ರಾಪ್ ಚಟುವಟಿಕೆ.

ಇದನ್ನು ಕನ್ನಡದಲ್ಲಿ 'ಎಳೆದು ಬಿಡು' ಎಂದು ಹೇಳಬಹುದಾದರೂ ಅದರಲ್ಲೊಂದು ತೊಡಕಿದೆ. 'ಮಾಡಿಬಿಡು', 'ಹೇಳಿಬಿಡು' ಎಂಬಲ್ಲಿ 'ಬಿಡು' ಎನ್ನುವುದು ಕೆಲಸ ಮುಗಿಸುವುದನ್ನು ಸೂಚಿಸುವ ಸಹಾಯಕ ಕ್ರಿಯಾಪದವಾದ್ದರಿಂದ, ಎರಡು ಪದಗಳ ನಡುವಿನ ಅಂತರ ಮಾಯವಾದ ಕೂಡಲೇ 'ಎಳೆದುಬಿಡು' ಎಂದರೆ ಬರಿದೆ ಎಳೆ ಎಂದಷ್ಟೇ ಅರ್ಥವಾಗುತ್ತದೆ. 'ಎಳೆದಿಡು' ಎಂಬ ರೂಪ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಬಿಡುವುದಕ್ಕೆ ಯೋಚನೆ ಬೇಕಿಲ್ಲ, ಇಡುವುದಕ್ಕೆ ಬೇಕು. ಈ ಚಟುವಟಿಕೆಯಲ್ಲಿ ಕಲಿಕೆ ನಡೆಯುವುದೆಲ್ಲ ಎಲ್ಲಿ ಇಡಬೇಕೆಂಬ ತೀರ್ಮಾನದಲ್ಲಿಯೇ.

ಹೂವಿನ ಚಿತ್ರದ ಮೇಲೆ ದಳ, ಕೇಸರ, ಶಲಾಕೆ ಎಂಬ ಹೆಸರುಗಳನ್ನು ಕೂರಿಸುವುದು, ಪ್ರಾಣಿಗಳನ್ನು ಕಶೇರುಕ ಮತ್ತು ಅಕಶೇರುಕ ಎಂದು ಗುಂಪು ಮಾಡುವುದು, ಘಟನೆಗಳನ್ನು ಕಾಲಕ್ರಮದಲ್ಲಿ ಹೊಂದಿಸುವುದು, ವಾಕ್ಯದ ಬಿಟ್ಟ ಸ್ಥಳಕ್ಕೆ ಪದ ತುಂಬುವುದು ಇದರ ಸಾಮಾನ್ಯ ರೂಪಗಳು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1/2, 1/3, 1/4, 1/8 ಎಂಬ ನಾಲ್ಕು ಭಿನ್ನರಾಶಿಗಳನ್ನು ಏರಿಕೆ ಕ್ರಮದಲ್ಲಿ ನಾಲ್ಕು ಚೌಕಗಳಲ್ಲಿ ಇಡಬೇಕೆಂದುಕೊಳ್ಳಿ. ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದೆಂದು ನಂಬಿರುವ ಮಗು 1/2ರಿಂದ ಆರಂಭಿಸಿ 1/8ರಲ್ಲಿ ಮುಗಿಸುತ್ತದೆ, ಅಂದರೆ ಸರಿಯುತ್ತರವನ್ನು ಪೂರ್ತಿ ತಿರುಗಿಸಿ ಇಡುತ್ತದೆ. ನಾಲ್ಕು ಸಂಖ್ಯೆಗಳನ್ನು ಜೋಡಿಸಲು 24 ಬಗೆಗಳಿದ್ದರೂ ಮಗು ಈ ಒಂದನ್ನೇ ಆರಿಸಿಕೊಂಡರೆ ಅದು ಕಣ್ಣುಮುಚ್ಚಿ ಇಟ್ಟದ್ದಾಗಿರುವ ಸಂಭವ ಕಡಿಮೆ. ಅದರ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ, ಆ ತಿಳಿವಳಿಕೆ ಈಗ ಶಿಕ್ಷಕರ ಕಣ್ಣಿಗೆ ಬಿದ್ದಿದೆ.

ಆದರೆ ಇದೇ ಚಟುವಟಿಕೆಯಲ್ಲಿ ತಪ್ಪು ಚೌಕದಲ್ಲಿಟ್ಟ ಸಂಖ್ಯೆ ತಕ್ಷಣ ಹಿಂದಕ್ಕೆ ಜಿಗಿಯುವಂತೆ ಮಾಡಿದರೆ ಏನಾಗುತ್ತದೆ? ಮೊದಲ ಸಂಖ್ಯೆಗೆ ಹೆಚ್ಚೆಂದರೆ 4, ಎರಡನೆಯದಕ್ಕೆ 3, ಮೂರನೆಯದಕ್ಕೆ 2, ಕೊನೆಯದಕ್ಕೆ 1 ಪ್ರಯತ್ನ ಸಾಕು. ಭಿನ್ನರಾಶಿಯೆಂದರೇನೆಂದು ತಿಳಿಯದ ಮಗುವೂ ಒಟ್ಟು 10 ಸಲ ಎಳೆಯುವುದರೊಳಗೆ ಪೂರ್ಣ ಅಂಕ ಪಡೆಯುತ್ತದೆ, ಮತ್ತು ಅದರ ಮನಸ್ಸಿನಲ್ಲಿದ್ದ ಕ್ರಮ ಯಾವುದೆಂಬ ಸುಳಿವು ಯಾರಿಗೂ ಸಿಗುವುದಿಲ್ಲ. ಇಂತಹ ಚಟುವಟಿಕೆಗಳನ್ನು ತಯಾರಿಸುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂದು ನನಗನಿಸುತ್ತದೆ. 2013ರಲ್ಲಿ ನಾರ್ವೆಯಲ್ಲಿ ಆರಂಭವಾದ ಎಚ್5ಪಿ ಎಂಬ, ಇಂತಹ ಚಟುವಟಿಕೆಗಳನ್ನು ತಯಾರಿಸುವ ಉಚಿತ ತಂತ್ರಾಂಶದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ: ಒಂದು ತುಣುಕನ್ನು ಯಾವ ಯಾವ ಜಾಗಗಳಲ್ಲಿ ಇಡಬಹುದು ಎಂಬುದು ಒಂದು ಆಯ್ಕೆ, ಒಂದು ಜಾಗಕ್ಕೆ ಯಾವ ತುಣುಕು ಸರಿ ಎಂಬುದು ಇನ್ನೊಂದು ಆಯ್ಕೆ. ಮೊದಲನೆಯದರಲ್ಲಿ ಎಲ್ಲ ಜಾಗಗಳನ್ನೂ ತೆರೆದಿಡಬೇಕು. ಸರಿಯಾದ ಜಾಗವೊಂದನ್ನೇ ತೆರೆದಿಟ್ಟರೆ ತಪ್ಪು ಮಾಡುವ ಅವಕಾಶವನ್ನೇ ಮಗುವಿನಿಂದ ಕಿತ್ತುಕೊಂಡಂತೆ. ಎಲ್ಲ ತುಣುಕುಗಳನ್ನೂ ಇಟ್ಟ ಮೇಲೆ ಒಮ್ಮೆಗೇ ಪರಿಶೀಲಿಸುವ ಗುಂಡಿ ಇದ್ದರೆ, ವಿದ್ಯಾರ್ಥಿಯು ತನ್ನ ಉತ್ತರವನ್ನು ಪೂರ್ತಿಯಾಗಿ ನೋಡಿ, ಬೇಕಾದರೆ ತಿದ್ದಿ, ಆಮೇಲೆ ಒಪ್ಪಿಸುತ್ತಾನೆ.

ಜಾಗಗಳೂ ತುಣುಕುಗಳೂ ಒಂದೇ ಸಂಖ್ಯೆಯಲ್ಲಿದ್ದರೆ ಕೊನೆಯದು ತಾನಾಗಿಯೇ ಬಂದು ಕೂರುತ್ತದೆ. ಆದ್ದರಿಂದ ಎಲ್ಲಿಯೂ ಸೇರದ ಒಂದೆರಡು ಹೆಚ್ಚುವರಿ ತುಣುಕುಗಳನ್ನು ಸೇರಿಸುವುದು ಒಳ್ಳೆಯ ಪದ್ಧತಿ. ಬಿಟ್ಟ ಸ್ಥಳ ತುಂಬುವ ಚಟುವಟಿಕೆಯನ್ನು ಕನ್ನಡದಲ್ಲಿ ರೂಪಿಸುವಾಗ ವಿಶೇಷ ಎಚ್ಚರವೊಂದು ಬೇಕು. 'ಬೇರುಗಳು ____ ನೀರನ್ನು ಹೀರುತ್ತವೆ' ಎಂಬ ವಾಕ್ಯಕ್ಕೆ 'ಮಣ್ಣಿನಿಂದ', 'ಗಾಳಿಗೆ', 'ಎಲೆಯನ್ನು' ಎಂಬ ಪದಗಳನ್ನು ಕೊಟ್ಟರೆ, ಪಾಠ ಓದದವನೂ ವಿಭಕ್ತಿ ಪ್ರತ್ಯಯ ನೋಡಿಯೇ ಸರಿಯಾದದ್ದನ್ನು ಆರಿಸುತ್ತಾನೆ. 'ಮಣ್ಣಿನಿಂದ', 'ಗಾಳಿಯಿಂದ', 'ಎಲೆಯಿಂದ' ಎಂದು ಒಂದೇ ವಿಭಕ್ತಿಯಲ್ಲಿ ಕೊಟ್ಟಾಗ ಮಾತ್ರ ಪ್ರಶ್ನೆಯು ವ್ಯಾಕರಣವನ್ನು ಬಿಟ್ಟು ವಿಜ್ಞಾನವನ್ನು ಕೇಳುತ್ತದೆ.

ತಯಾರಿಸಿದ ಚಟುವಟಿಕೆಯನ್ನು ಕಂಪ್ಯೂಟರಿನಲ್ಲಷ್ಟೇ ಪರೀಕ್ಷಿಸಿದರೆ ಸಾಲದು. ವೆಬ್ ಪುಟಗಳಲ್ಲಿರುವ ಎಳೆದಿಡುವ ಮೂಲ ವ್ಯವಸ್ಥೆ ಮೌಸ್‌ಗಾಗಿ ರೂಪುಗೊಂಡದ್ದು. ಸ್ಪರ್ಶಪರದೆಯನ್ನು ಪ್ರತ್ಯೇಕವಾಗಿ ಗಮನದಲ್ಲಿಡದಿದ್ದರೆ ಫೋನಿನಲ್ಲಿ ತುಣುಕಿನ ಬದಲು ಪುಟವೇ ಸರಿಯಬಹುದು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೈ ನಡುಗುವ ಮಗುವಿಗೆ ಒತ್ತಿ ಹಿಡಿದು ಸರಿಸುವುದೇ ಕಷ್ಟ, ಕಣ್ಣು ಕಾಣದ ಮಗುವಿಗೆ ಮೌಸ್‌ನಿಂದ ಎಳೆಯುವುದು ಸಾಧ್ಯವೇ ಇಲ್ಲ. 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ಎಂಬ, ಅಂಗವೈಕಲ್ಯವುಳ್ಳವರೂ ವೆಬ್ ಪುಟಗಳನ್ನು ಬಳಸುವಂತಿರಲು ರೂಪಿಸಿದ ಮಾರ್ಗಸೂಚಿಯು, ಎಳೆಯುವುದು ಅನಿವಾರ್ಯವಲ್ಲದ ಕಡೆಗಳಲ್ಲೆಲ್ಲ ಆ ಕೆಲಸವನ್ನು ಎಳೆಯದೆಯೂ ಮಾಡುವ ದಾರಿ ಇರಬೇಕೆಂದು ಹೇಳುತ್ತದೆ. ತುಣುಕನ್ನೊಮ್ಮೆ ಮುಟ್ಟಿ ಆರಿಸಿ, ಜಾಗವನ್ನೊಮ್ಮೆ ಮುಟ್ಟಿ ಇರಿಸುವುದು ಅಂತಹದೊಂದು ದಾರಿ. ಅದರ ಜೊತೆಗೆ ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೂ ಆರಿಸಿ ಇಡುವಂತಿದ್ದು, ಪ್ರತಿ ತುಣುಕಿಗೂ ಜಾಗಕ್ಕೂ ಪರದೆ ಓದುವ ತಂತ್ರಾಂಶವು ಉಚ್ಚರಿಸಬಲ್ಲ ಹೆಸರಿರಬೇಕು. ಇಲ್ಲಿ ಎಳೆಯುವುದು ಇಲ್ಲವಾದರೂ ಇಡುವುದು ಹಾಗೆಯೇ ಉಳಿದಿದೆ, 1/8 ಯಾವ ಚೌಕಕ್ಕೆ ಸೇರಬೇಕೆಂದು ಆ ಮಗುವೂ ಯೋಚಿಸಲೇಬೇಕಾಗುತ್ತದೆ.