ಎಲುಬಿಗೆ ಗೊತ್ತಿರುವ ವಯಸ್ಸು

2018ರ ಅಕ್ಟೋಬರ್‌ನಲ್ಲಿ ಲಕ್ಷ್ಯ ಸೇನ್ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡೆದ ಯೂತ್ ಒಲಿಂಪಿಕ್ಸ್‌ನಿಂದ ಎರಡು ಪದಕ ತಂದರು. ಬ್ಯಾಡ್ಮಿಂಟನ್ ಸಿಂಗಲ್ಸ್‌ನ ಬೆಳ್ಳಿ ಭಾರತದ ಲೆಕ್ಕಕ್ಕೆ ಸೇರಿತು. ಮಿಶ್ರ ತಂಡ ವಿಭಾಗದ ಚಿನ್ನ ಮಾತ್ರ ಯಾವ ದೇಶದ ಖಾತೆಗೂ ಬೀಳಲಿಲ್ಲ. ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಈ ಹುಡುಗ ಅಲ್ಲಿ ಆಡಿದ್ದು ‘ಆಲ್ಫಾ’ ಎಂಬ ತಂಡಕ್ಕೆ. ಅದರಲ್ಲಿ ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರಿದ್ದರು.

ಯೂತ್ ಒಲಿಂಪಿಕ್ಸ್‌ನ ಸ್ವಭಾವವೇ ಹೀಗೆ. ದೊಡ್ಡವರ ಒಲಿಂಪಿಕ್ಸ್‌ನಲ್ಲಿ ಯಾವುದು ಮುಖ್ಯವೋ ಅದನ್ನು ಇಲ್ಲಿ ಬೇಕೆಂದೇ ಸಡಿಲ ಬಿಟ್ಟಿದ್ದಾರೆ. ಆಸ್ಟ್ರಿಯಾದ ಯೋಹಾನ್ ರೋಸೆನ್‌ಝೋಪ್ಫ್ 1998ರಲ್ಲಿ ಮುಂದಿಟ್ಟ ವಿಚಾರಕ್ಕೆ 2007ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಗ್ವಾಟೆಮಾಲಾ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. 2010ರ ಆಗಸ್ಟ್‌ನಲ್ಲಿ ಸಿಂಗಪುರದಲ್ಲಿ 14ರಿಂದ 18 ವರ್ಷದ ಸುಮಾರು 3,600 ಮಕ್ಕಳು ಸೇರಿದರು. ಪದಕದ ಜೊತೆಗೆ ಕಲಿಕೆ, ಗೆಳೆತನ, ಉದ್ದೀಪನ ಮದ್ದಿನ ಅರಿವು ಎಲ್ಲವೂ ಕಾರ್ಯಕ್ರಮದ ಭಾಗವಾಗಿದ್ದವು. ಇದರ ಬೆನ್ನಿಗೆ ನಿಂತವರು ಅಂದಿನ ಒಲಿಂಪಿಕ್ ಸಮಿತಿಯ ಅಧ್ಯಕ್ಷ, ಬೆಲ್ಜಿಯಂನ ಜಾಕ್ ರೋಗ್. ಮೂರು ಒಲಿಂಪಿಕ್ಸ್‌ಗಳಲ್ಲಿ ಹಾಯಿದೋಣಿ ನಡೆಸಿದವರು, ವೃತ್ತಿಯಲ್ಲಿ ಮೂಳೆ ಡಾಕ್ಟರು. ಹದಿನೈದರ ಹರೆಯದಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಬಹುಮಟ್ಟಿಗೆ ಮೂಳೆಗಳೇ ತೀರ್ಮಾನಿಸುವುದರಿಂದ, ಈ ಕೆಲಸ ಮೂಳೆ ಡಾಕ್ಟರಿಗೆ ಬಿದ್ದದ್ದು ನನಗೆ ತೀರಾ ಆಕಸ್ಮಿಕ ಅನಿಸುವುದಿಲ್ಲ.

ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ತೆಳ್ಳನೆ ಪದರವೊಂದಿರುತ್ತದೆ. ಅಲ್ಲಿನ ಕೋಶಗಳು ಒಂದರ ಮೇಲೊಂದು ಜೋಡಿಸಿಕೊಂಡು ಹೆಚ್ಚುತ್ತಾ ಹೋಗುತ್ತವೆ, ಹಿಂದಿನವು ಗಟ್ಟಿ ಮೂಳೆಯಾಗುತ್ತವೆ. ಹಾಗೆ ಮೂಳೆ ಉದ್ದವಾಗುತ್ತದೆ. ಹುಡುಗಿಯರಲ್ಲಿ ಸರಾಸರಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ಈ ಓಟ ತಾರಕಕ್ಕೇರುತ್ತದೆ. ಆಗ ಹುಡುಗನೊಬ್ಬ ವರ್ಷಕ್ಕೆ 9–10 ಸೆಂಟಿಮೀಟರ್ ಬೆಳೆಯಬಲ್ಲ. ದಸರಾಕ್ಕೆ ಹೊಲಿಸಿದ ಪ್ಯಾಂಟು ಯುಗಾದಿಗೆ ಗಿಡ್ಡವಾಗುವ ಕಾಲ ಅದು. ಮೂಳೆ ಮುಂದೆ ಓಡುತ್ತದೆ, ಸ್ನಾಯುವಿನ ಬಲ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ. ಓಡುವ, ನೆಗೆಯುವ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವಿನ ಗಂಟು ಏಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಬೆಳೆಯುವ ಪದರ ಅಸ್ಥಿರಜ್ಜುಗಳಿಗಿಂತ ಮೆತ್ತಗಿರುವುದರಿಂದ, ದೊಡ್ಡವರಿಗೆ ಬರೀ ಉಳುಕಾಗುವಂಥ ಪೆಟ್ಟಿಗೆ ಮಕ್ಕಳಲ್ಲಿ ಈ ಪದರವೇ ಮುರಿಯಬಹುದು.

ಸರಾಸರಿ ಎಂಬ ಮಾತಿನೊಳಗೇ ಒಂದು ತೊಡಕಿದೆ. ಒಂದೇ ತರಗತಿಯ ಇಬ್ಬರು ಹದಿನಾಲ್ಕರ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ, ಒಬ್ಬನ ಎಲುಬು ಹನ್ನೆರಡರದ್ದು, ಇನ್ನೊಬ್ಬನದು ಹದಿನಾರರದ್ದು ಎಂದು ಕಾಣಬಹುದು. ಇಬ್ಬರ ಜನನ ಪ್ರಮಾಣಪತ್ರವೂ ಸಾಚಾ ಆಗಿದ್ದಾಗಲೇ ಈ ಕಥೆ. (ನಮ್ಮಲ್ಲಿ ಒಂದು ತಲೆಮಾರಿನ ಅದೆಷ್ಟೋ ಜನ ಜೂನ್ 1ರಂದೇ ಹುಟ್ಟಿದವರು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು.) ಕುಸ್ತಿ, ಎಸೆತ, ಓಟಗಳಲ್ಲಿ ಬೇಗ ಬಲಿತವನದೇ ಮೇಲುಗೈ. ತರಬೇತುದಾರರ ಕಣ್ಣಿಗೆ ಅದು ಪ್ರತಿಭೆಯಾಗಿ ಕಾಣುತ್ತದೆ.

ಹುಟ್ಟಿದ ತಿಂಗಳೂ ಹೀಗೇ ಆಟ ಆಡಿಸುತ್ತದೆ. ವಯೋಮಿತಿಯನ್ನು ಜನವರಿ 1ಕ್ಕೆ ಗೆರೆ ಎಳೆದರೆ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್‌ನದಕ್ಕಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟರು. ಆಮೇಲೆ ಫುಟ್‌ಬಾಲ್‌ನಲ್ಲೂ ಅದೇ ಕಂಡಿತು. ಇಂಗ್ಲೆಂಡಿನ ಕೆಲವು ಕ್ಲಬ್ಬುಗಳು ಈಗ ಮಕ್ಕಳನ್ನು ಹುಟ್ಟಿದ ವರ್ಷದ ಬದಲು, ಪೂರ್ತಿ ಬೆಳೆದಾಗಿನ ಅಂದಾಜು ಎತ್ತರದಲ್ಲಿ ಎಷ್ಟು ಪಾಲು ಮುಟ್ಟಿದ್ದಾರೆ ಎಂಬುದರ ಮೇಲೆ ಗುಂಪು ಮಾಡಿ ಆಡಿಸಿ ನೋಡಿವೆ. ಹಿಂದೆ ಬಿದ್ದವನಿಗೆ ಚೆಂಡು ಸಿಗುತ್ತದೆ, ದೈತ್ಯನಿಗೆ ಮೈಬಲ ಬಿಟ್ಟು ಬುದ್ಧಿ ಓಡಿಸಬೇಕಾಗುತ್ತದೆ.

ಹಾಗಾದರೆ ಹದಿನಾರರ ಪದಕ ಮುಂದಿನದನ್ನು ಎಷ್ಟು ಹೇಳುತ್ತದೆ? ಬಹಳ ಕಡಿಮೆ. ಹಲವು ಕ್ರೀಡೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಜರ್ಮನಿಯ ಆರ್ನೆ ಗ್ಯುಲಿಶ್ ಮತ್ತು ಸಂಗಡಿಗರ ಲೆಕ್ಕದ ಪ್ರಕಾರ, 17–18ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿದ್ದ 10 ಮಂದಿಯಲ್ಲಿ ಸುಮಾರು 9 ಮಂದಿ ಹಿರಿಯರ ವಿಭಾಗದಲ್ಲಿ ಆ ಮಟ್ಟ ಮುಟ್ಟುವುದಿಲ್ಲ. ಹಿರಿಯರಾಗಿ ಮಿಂಚಿದ 10ರಲ್ಲಿ 8 ಮಂದಿ ಆ ವಯಸ್ಸಿನಲ್ಲಿ ಅಷ್ಟು ಎತ್ತರದಲ್ಲಿ ಇರಲೇ ಇಲ್ಲ.

ಈ ಲೆಕ್ಕ ಕಂಡ ಮೇಲೆ ಆಲ್ಫಾ ತಂಡದ ಚಿನ್ನ ನನಗೆ ಬರೀ ಭಾವುಕತೆಯಾಗಿ ಕಾಣುತ್ತಿಲ್ಲ. ಯಾರು ಮುಂದೆ ಬರುತ್ತಾರೋ ತಿಳಿಯದ ವಯಸ್ಸಿನಲ್ಲಿ ದೇಶಗಳ ಪದಕ ಎಣಿಸುವುದಕ್ಕಿಂತ ಹೊಸ ಆಟಗಳನ್ನು ಪರೀಕ್ಷಿಸುವುದು ಲಾಭದ ಕೆಲಸ. ಮೂರು ಮಂದಿಯ ಬ್ಯಾಸ್ಕೆಟ್‌ಬಾಲ್ ಸಿಂಗಪುರದಿಂದ ಟೋಕಿಯೊಗೆ ಹೋಯಿತು, ಬ್ರೇಕ್ ಡ್ಯಾನ್ಸ್ ಬ್ಯೂನಸ್ ಐರಿಸ್‌ನಿಂದ ಪ್ಯಾರಿಸ್‌ಗೆ. ಹುಡುಗ ಹುಡುಗಿಯರ ಸಂಖ್ಯೆ ಸರಿಸಮವಾದ ಮೊದಲ ಒಲಿಂಪಿಕ್ ಕೂಟವೂ ಬ್ಯೂನಸ್ ಐರಿಸ್‌ನದೇ.

ಅದೇ ಕೂಟದಲ್ಲಿ ಮಿಜೋರಾಂನ ಜೆರೆಮಿ ಲಾಲ್‌ರಿನ್ನುಂಗಾ 15ರ ವಯಸ್ಸಿನಲ್ಲಿ ವೇಟ್‌ಲಿಫ್ಟಿಂಗ್‌ನ 62 ಕೆ.ಜಿ. ವಿಭಾಗದಲ್ಲಿ ಒಟ್ಟು 274 ಕೆ.ಜಿ. ಎತ್ತಿ ಭಾರತಕ್ಕೆ ಯೂತ್ ಒಲಿಂಪಿಕ್ಸ್‌ನ ಮೊದಲ ಚಿನ್ನ ತಂದರು. ಮನು ಭಾಕರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನುಗೆ ಎರಡು ಕಂಚು ಬಂತು, ಲಕ್ಷ್ಯ ನಾಲ್ಕನೆಯವರಾದರು. 2022ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದ ಜೆರೆಮಿ ಪ್ಯಾರಿಸ್‌ನಲ್ಲಿ ಇರಲಿಲ್ಲ.