ಪದ ಪರಿಚಯ: ಟಿಡಿ

ಕಾಲಿಗೆ ಮೊಳೆ ಚುಚ್ಚಿದರೆ, ಕೈಗೆ ಕುಡುಗೋಲು ತಗುಲಿದರೆ ‘ಮೊದಲು ಹೋಗಿ ಒಂದು ಟಿಟಿ ಹಾಕಿಸಿಕೊಂಡು ಬಾ’ ಎನ್ನುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುವ ಮಾತು. ಲಸಿಕೆಗಳ ಬಗ್ಗೆ ಕೇಂದ್ರ ಸರ್ಕಾರಕ್ಕೆ ಸಲಹೆ ನೀಡುವ ತಜ್ಞರ ಸಮಿತಿ 2016ರಲ್ಲಿ ಮಾಡಿದ ಶಿಫಾರಸಿನ ಮೇರೆಗೆ 2019ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಟಿಟಿಯ ಜಾಗಕ್ಕೆ ಟಿಡಿ ಬಂದಿದೆ. ಮಾತಿನಲ್ಲಿ ಹಳೆಯ ಹೆಸರೇ ಉಳಿದುಕೊಂಡಿದೆ. ಹೊಸದಾಗಿ ಸೇರಿದ ‘ಡಿ’ ಏತಕ್ಕೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

‘ಟಿ’ ಎಂದರೆ ಟೆಟನಸ್, ಕನ್ನಡದಲ್ಲಿ ಧನುರ್ವಾಯು. ಸ್ನಾಯುಗಳೆಲ್ಲ ಸೆಟೆದುಕೊಂಡು ರೋಗಿಯ ಬೆನ್ನು ಬಿಲ್ಲಿನಂತೆ ಬಾಗುವುದನ್ನು ಕಂಡವರು ಇಟ್ಟ ಹೆಸರದು. ‘ಡಿ’ ಎಂದರೆ ಡಿಫ್ತೀರಿಯಾ. ಗಂಟಲಿನಲ್ಲಿ ಬೂದು ಬಣ್ಣದ ದಪ್ಪ ಪೊರೆ ಕಟ್ಟುವುದರಿಂದ, ತೊಗಲು ಎಂಬರ್ಥದ ಗ್ರೀಕ್ ಪದದಿಂದ ಆ ಹೆಸರು ಹುಟ್ಟಿತು. ನಮ್ಮವರು ಅದನ್ನು ಗಂಟಲುಮಾರಿ ಎಂದರು. ಊರಿಗೆ ಬಂದು ಜೀವ ಒಯ್ಯುವ ಬೇನೆಗಳಿಗೆ ಮಾರಿ ಎನ್ನುತ್ತಿದ್ದ ಕಾಲದ ಭಯ ಈ ಪದದೊಳಗೆ ಇನ್ನೂ ಇದೆ.

ಈ ಎರಡೂ ರೋಗಗಳಲ್ಲಿ ಪ್ರಾಣಕ್ಕೆ ಎರವಾಗುವುದು ಬ್ಯಾಕ್ಟೀರಿಯಾ ಸ್ರವಿಸುವ ವಿಷ. ಗಂಟಲುಮಾರಿಯ ವಿಷ ರಕ್ತದ ಮೂಲಕ ಹರಡಿ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ. ಧನುರ್ವಾಯುವಿನ ವಿಷ ನರಗಳ ಹಾದಿ ಹಿಡಿಯುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಗಾಸ್ತೋನ್ ರಾಮೋನ್ ಅವರು, ಫಾರ್ಮಲಿನ್ ಮತ್ತು ಬಿಸಿಯ ಪ್ರಭಾವಕ್ಕೆ ಒಳಪಡಿಸಿದ ವಿಷವು ಕೊಲ್ಲುವ ಗುಣವನ್ನು ಕಳೆದುಕೊಂಡರೂ ದೇಹಕ್ಕೆ ತನ್ನ ಗುರುತು ಹಿಡಿಯುವುದನ್ನು ಕಲಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟರು. ಹೀಗೆ ಪಳಗಿಸಿದ ವಿಷವೇ ಟಾಕ್ಸಾಯ್ಡ್. ಹಳೆಯ ಟಿಟಿಯ ಎರಡನೆಯ ‘ಟಿ’ ಇದೇ. ಟಿಡಿಯಲ್ಲಿ ಎರಡು ರೋಗಗಳ ಟಾಕ್ಸಾಯ್ಡ್‌ಗಳು ಒಟ್ಟಿಗಿವೆ.

ಇಂಗ್ಲಿಷಿನಲ್ಲಿ ಬರೆಯುವಾಗ ಟಿಡಿಯ ‘ಟಿ’ ದೊಡ್ಡಕ್ಷರ, ‘ಡಿ’ ಚಿಕ್ಕಕ್ಷರ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಮಕ್ಕಳಿಗೆ ಕೊಡುವ ಡಿಪಿಟಿ ಲಸಿಕೆಯಲ್ಲಿ ಮೂರೂ ದೊಡ್ಡಕ್ಷರಗಳೇ. ಕನ್ನಡ ಲಿಪಿಯಲ್ಲಿ ಕಾಣದ ಈ ವ್ಯತ್ಯಾಸಕ್ಕೆ ಅರ್ಥವಿದೆ: ಚಿಕ್ಕ ‘ಡಿ’ ಎಂದರೆ ಗಂಟಲುಮಾರಿಯ ಟಾಕ್ಸಾಯ್ಡ್ ಪ್ರಮಾಣ ಮಕ್ಕಳ ಲಸಿಕೆಯಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಈಗಾಗಲೇ ಲಸಿಕೆ ಪಡೆದ ದೊಡ್ಡವರ ದೇಹಕ್ಕೆ ಹಳೆಯ ಪಾಠವನ್ನು ನೆನಪಿಸಲು ಅಷ್ಟೇ ಸಾಕು. ಹೆಚ್ಚು ಕೊಟ್ಟರೆ ತೋಳು ಊದಿಕೊಂಡು ನೋಯುತ್ತದೆ. ಆದ್ದರಿಂದಲೇ ನಮ್ಮ ದೇಶದ ವೇಳಾಪಟ್ಟಿಯಲ್ಲಿ ಏಳು ವರ್ಷ ತುಂಬಿದವರಿಗೆ ಡಿಪಿಟಿ ಕೊಡುವುದಿಲ್ಲ.

ನೆನಪಿಸುವುದು ಏಕೆ ಬೇಕು? ಎಳವೆಯಲ್ಲಿ ಪಡೆದ ರಕ್ಷಣೆ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ. ಹಿಂದೆ ಪುಟ್ಟ ಮಕ್ಕಳ ಕಾಯಿಲೆಯೆಂದೇ ತಿಳಿದಿದ್ದ ಗಂಟಲುಮಾರಿ 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮರಳಿ ಬಂದಾಗ, ಹದಿಹರೆಯದವರನ್ನೂ ವಯಸ್ಕರನ್ನೂ ಹಿಡಿದಿತ್ತು. ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಈ ರೋಗ ಹೊಸದೇನಲ್ಲ. ಪ್ರತಿವಿಷದ ಔಷಧ ಇದೆ, ನಿಜ. ಆದರೆ ಜೀವಕೋಶಗಳಿಗೆ ಆಗಲೇ ಅಂಟಿಕೊಂಡ ವಿಷವನ್ನು ಅದು ಬಿಡಿಸಲಾರದು. ಹಾಗಾಗಿ ಗಂಟಲುಮಾರಿಯ ಮಗುವಿಗೆ ಒಂದು ದಿನ ತಡವಾದರೂ ಅದರ ಬೆಲೆ ದೊಡ್ಡದು.

ಧನುರ್ವಾಯುವಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಇದರ ರೋಗಾಣು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಸುತ್ತಲಿನವರೆಲ್ಲ ಲಸಿಕೆ ಪಡೆದಿದ್ದರೂ ಪಡೆಯದವನಿಗೆ ಅದರಿಂದ ಯಾವ ಆಸರೆಯೂ ಸಿಗುವುದಿಲ್ಲ. ಎರಡನೆಯದು, ರೋಗ ಬಂದು ಬದುಕುಳಿದವರಿಗೂ ಲಸಿಕೆ ಬೇಕೇ ಬೇಕು, ಏಕೆಂದರೆ ಕೊಲ್ಲಲು ಸಾಕಾಗುವ ವಿಷದ ಪ್ರಮಾಣ ದೇಹಕ್ಕೆ ಪಾಠ ಕಲಿಸಲು ಸಾಲುವುದಿಲ್ಲ. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಹೊಕ್ಕುಳಬಳ್ಳಿ ಕತ್ತರಿಸುವಾಗಿನ ಶುಚಿತ್ವ, ಇವು ಮೂರೂ ಸೇರಿ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನೆಯ ಮಟ್ಟಕ್ಕೆ ಇಳಿದಿರುವುದನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಎಂದರೆ ಪ್ರತಿಯೊಂದು ಜಿಲ್ಲೆಯಲ್ಲೂ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ. ಆರೋಗ್ಯ ಸಹಾಯಕಿಯರೂ ಆಶಾ ಕಾರ್ಯಕರ್ತೆಯರೂ ಮನೆಮನೆ ತಿರುಗಿ ಗಳಿಸಿಕೊಟ್ಟ ಈ ಫಲಕ್ಕೆ ನಾವು ಸಲ್ಲಿಸಿದ ಕೃತಜ್ಞತೆ ಕಡಿಮೆಯೆಂದೇ ನನ್ನ ಭಾವನೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ‘ಟಿಟಿ ಆರು ತಿಂಗಳಷ್ಟೇ ಕೆಲಸ ಮಾಡುತ್ತದೆ’ ಎಂದು ನಂಬಿ ಪ್ರತಿ ಗಾಯಕ್ಕೂ ಚುಚ್ಚಿಸಿಕೊಳ್ಳುವವರಿದ್ದಾರೆ. ಮೊದಲ ಸರಣಿಯ ಡೋಸುಗಳನ್ನು ಪೂರ್ಣವಾಗಿ ಪಡೆದವರಿಗೆ, ಸ್ವಚ್ಛವಾದ ಸಣ್ಣ ಗಾಯವಾದರೆ ಕೊನೆಯ ಡೋಸಿನಿಂದ ಹತ್ತು ವರ್ಷ ಕಳೆದಿದ್ದಾಗ, ಮಣ್ಣು ಸೇರಿದ ಅಥವಾ ಆಳವಾದ ಗಾಯವಾದರೆ ಐದು ವರ್ಷ ಕಳೆದಿದ್ದಾಗ ಮಾತ್ರ ಮತ್ತೊಂದು ಡೋಸು ಬೇಕಾಗುತ್ತದೆ. ಒಮ್ಮೆಯೂ ಸರಿಯಾಗಿ ಲಸಿಕೆ ಪಡೆಯದವರ, ಅಥವಾ ಪಡೆದಿದ್ದೇವೆಯೋ ಇಲ್ಲವೋ ತಿಳಿಯದವರ ಮಾತು ಬೇರೆ. ಅವರು ವೈದ್ಯರನ್ನು ಕಾಣಲೇಬೇಕು.

ಟಿಡಿಯಲ್ಲಿ ಇಲ್ಲದ ಅಕ್ಷರವೊಂದಿದೆ: ‘ಪಿ’, ಅಂದರೆ ಪರ್ಟುಸಿಸ್, ನಾಯಿಕೆಮ್ಮು. ಅಮೆರಿಕದ ಮಿಷಿಗನ್‌ನಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಹಗಲಿನ ಕೆಲಸ ಮುಗಿಸಿ, ಸಂಜೆ ರೋಗಪೀಡಿತ ಮಕ್ಕಳ ಮನೆಗಳಿಗೆ ಹೋಗಿ ಕೆಮ್ಮಿನ ಮಾದರಿಗಳನ್ನು ಕಲೆಹಾಕಿ, 1930ರ ದಶಕದಲ್ಲಿ ಇದಕ್ಕೆ ನಂಬಲರ್ಹವಾದ ಲಸಿಕೆಯನ್ನು ರೂಪಿಸಿದರು. ಕೊಂದ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸುವ ಆ ಬಗೆಯ ಲಸಿಕೆಯೇ ಇಂದಿಗೂ ನಮ್ಮ ಸರ್ಕಾರಿ ಡಿಪಿಟಿಯಲ್ಲಿದೆ. ಮಗುವಿಗೆ ಚುಚ್ಚುಮದ್ದಿನ ರಾತ್ರಿ ಜ್ವರ ಬರುವುದಕ್ಕೂ ತೊಡೆ ಗಡುಸಾಗುವುದಕ್ಕೂ ಬಹುಪಾಲು ಇದೇ ಕಾರಣ. ಒಂದೆರಡು ದಿನಗಳಲ್ಲಿ ಅದು ಇಳಿಯುತ್ತದೆ. ಆ ಜ್ವರಕ್ಕೆ ಹೆದರಿ ಮುಂದಿನ ಡೋಸನ್ನು ಬಿಟ್ಟುಬಿಡುವ ತಾಯ್ತಂದೆಯರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ನಾಯಿಕೆಮ್ಮಿಗೆ ಅತಿ ಸುಲಭವಾಗಿ ಬಲಿಯಾಗುವುದು ಮೊದಲ ಡೋಸಿನ ವಯಸ್ಸಿಗೂ ಬಾರದ ಕೂಸು. ಅದಕ್ಕೆ ಸೋಂಕು ತಗಲುವುದು ಹೆಚ್ಚಾಗಿ ಮನೆಯವರಿಂದಲೇ. ಈ ಕೊರತೆಯನ್ನು ತುಂಬಲು ‘ಪಿ’ಯನ್ನೂ ಕಡಿಮೆ ಪ್ರಮಾಣದಲ್ಲಿ ಸೇರಿಸಿದ ಟಿಡ್ಯಾಪ್ ಎಂಬ ಲಸಿಕೆ ಇದೆ. ಗರ್ಭದ 27ರಿಂದ 36ನೆಯ ವಾರದೊಳಗೆ ತಾಯಿ ಅದನ್ನು ಪಡೆದರೆ ಆಕೆಯ ಪ್ರತಿಕಾಯಗಳು ಹುಟ್ಟುವ ಮೊದಲೇ ಮಗುವಿಗೆ ದಾಟುತ್ತವೆ. ನಮ್ಮಲ್ಲಿ ಇದು ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟು ಪಡೆಯಬೇಕಾದ ಲಸಿಕೆಯಾಗಿದೆ. ಉಚಿತ ಪಟ್ಟಿಗೂ ಸೇರಬೇಕೆಂಬುದು ನನ್ನ ಅಭಿಪ್ರಾಯ.

ಸರ್ಕಾರಿ ವೇಳಾಪಟ್ಟಿಯಂತೆ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್, ಅಂದರೆ ಐದು ರೋಗಗಳ ವಿರುದ್ಧದ ಒಂದೇ ಚುಚ್ಚುಮದ್ದಿನ ರೂಪದಲ್ಲಿ ಈ ಮೂರೂ ರೋಗಗಳ ಲಸಿಕೆ ಸಿಗುತ್ತದೆ. 16ರಿಂದ 24 ತಿಂಗಳೊಳಗೆ ಮತ್ತು 5ರಿಂದ 6ನೆಯ ವರ್ಷದಲ್ಲಿ ಡಿಪಿಟಿ ಬೂಸ್ಟರ್. 10ನೆಯ ಮತ್ತು 16ನೆಯ ವಯಸ್ಸಿಗೆ ಟಿಡಿ. ಬಸಿರು ಖಚಿತವಾದ ಕೂಡಲೇ ಒಂದು ಟಿಡಿ, ನಾಲ್ಕು ವಾರಗಳ ಬಳಿಕ ಇನ್ನೊಂದು. ತಾಯಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಖಾಲಿ ಉಳಿಯುವುದು ಮಗು ಶಾಲೆಗೆ ಸೇರುವ ಹೊತ್ತಿನ ಬೂಸ್ಟರಿನ ಮನೆ. ನಡುವೆ ಡೋಸು ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದು.