ಧೂಳಿನ ಕೆಲಸ ಮುಗಿಸಿ ಬೆಲ್ಲ ತಿಂದರೆ ಎದೆ ಸ್ವಚ್ಛ ಆಗುತ್ತದಾ?

ಪ್ರಶ್ನೆ: ದಾಲ್ ಮಿಲ್ಲಿನ್ಯಾಗ ಕೆಲಸ ಮಾಡ್ತೀನ್ರಿ. ಸಂಜಿಮುಂದ ಒಂದು ತುಕಡಿ ಬೆಲ್ಲ ತಿಂದ್ರ ಎದಿಯೊಳಗಿನ ಧೂಳೆಲ್ಲ ಇಳಿದು ಹೋಗ್ತದ ಅಂತಾರ. ಶಹಾಬಾದ ಕಡಿ ಫರಸಿ ಕಲ್ಲು ಕೊಯ್ಯೋರೂ ಹಿಂಗೇ ತಿಂತಾರ. ಇದು ಖರೇನ್ರಿ?

ಉತ್ತರ: ಬೆಲ್ಲದಿಂದ ಗಂಟಲಿಗೆ ಹಿತವಾಗುತ್ತದೆ, ಅದು ಖರೆ. ಬಾಯಲ್ಲಿ ನೀರೂರುತ್ತದೆ, ಗಂಟಲಿಗೆ ಅಂಟಿದ ಧೂಳು ಜೊಲ್ಲಿನ ಜೊತೆ ಹೊಟ್ಟೆಗಿಳಿಯುತ್ತದೆ, ಕೆರೆತ ಕಡಿಮೆಯಾಗುತ್ತದೆ. ಒಂದು ಲೋಟ ನೀರು ಕುಡಿದರೂ ಇಷ್ಟೇ ಆಗುತ್ತದೆ. ಎದೆಯೊಳಗಿನ ಧೂಳಿನ ಮಾತು ಬೇರೆ.

ನುಂಗಿದ ಬೆಲ್ಲ ಅನ್ನನಾಳದಲ್ಲಿ ಇಳಿಯುತ್ತದೆ. ಅದರ ಮುಂದುಗಡೆಗೇ ಶ್ವಾಸನಾಳ ಇದ್ದರೂ ನುಂಗುವ ಹೊತ್ತಿಗೆ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಚೂರು ತಪ್ಪಿ ಆ ಕಡೆ ಹೋದರೂ ನೆತ್ತಿಗೆ ಹತ್ತಿ, ಕೆಮ್ಮಿ ಹೊರಹಾಕುವ ತನಕ ದೇಹ ಬಿಡುವುದಿಲ್ಲ. ಹಾಗಾಗಿ ಬೆಲ್ಲಕ್ಕೂ ಪುಪ್ಪುಸದಲ್ಲಿ ಕೂತ ಧೂಳಿಗೂ ಭೇಟಿಯೇ ಇಲ್ಲ.

ಧೂಳು ಎಲ್ಲಿಯ ತನಕ ಹೋಗುತ್ತದೆ ಎಂಬುದು ಅದರ ಗಾತ್ರದ ಮೇಲಿದೆ. ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿ ಹೆಚ್ಚಿನವು ಮೂಗು, ಗಂಟಲಿನಲ್ಲೇ ಸಿಕ್ಕಿಬೀಳುತ್ತವೆ; ಸಂಜೆ ಮೂಗು ಸೀದಿದರೆ ಕಾಣುವುದು ಇವೇ. ಅದಕ್ಕಿಂತ ಸಣ್ಣವು ಶ್ವಾಸನಾಳಕ್ಕೆ ಇಳಿಯುತ್ತವೆ. ಈ ನಾಳ 10ರಿಂದ 12 ಸೆಂ.ಮೀ. ಉದ್ದ. ಎದೆಯೊಳಗೆ ಎರಡು ಕವಲಾಗಿ, ಬಲಗಡೆ ಮೂರು ಹಾಲೆ, ಎಡಗಡೆ ಎರಡು ಹಾಲೆಗಳ ಪುಪ್ಪುಸದೊಳಗೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯಲ್ಲಿರುವುದು ಗಾಳಿಗೂಡುಗಳು. ಒಂದೊಂದರ ಅಗಲ ಸುಮಾರು 0.2 ಮಿ.ಮೀ., ಸಂಖ್ಯೆ 30 ಕೋಟಿಗೂ ಮೇಲೆ. ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 750 ಚದರಡಿ ಆದೀತು. ಗಾಳಿಯ ಆಮ್ಲಜನಕ ರಕ್ತಕ್ಕೆ ದಾಟುವುದು ಇಲ್ಲೇ, ಒಂದು ಮೈಕ್ರಾನಿಗಿಂತ ತೆಳುವಾದ ಗೋಡೆಯ ಮೂಲಕ.

ಶ್ವಾಸನಾಳ ಮತ್ತು ಅದರ ಕವಲುಗಳನ್ನು ದೇಹ ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಒಳಗೋಡೆಯ ಮೇಲೆ ಅಂಟು ಲೋಳೆ, ಅದರಡಿ ಕಣ್ಣಿಗೆ ಕಾಣದ ರೋಮಗಳು. ಗಾಳಿಗೆ ಜೋಳದ ಹೊಲ ತೂಗಿದಂತೆ ಇವು ಸೆಕೆಂಡಿಗೆ 10–15 ಸಲ ಒಂದೇ ದಿಕ್ಕಿಗೆ ಬೀಸಿ, ಧೂಳು ಅಂಟಿದ ಲೋಳೆಯನ್ನು ಗಂಟಲ ಕಡೆ ತಳ್ಳುತ್ತವೆ. ನಮಗೆ ಗೊತ್ತಿಲ್ಲದೆಯೇ ಅದನ್ನು ನುಂಗಿರುತ್ತೇವೆ, ಇಲ್ಲವೇ ಕಫವಾಗಿ ಉಗುಳುತ್ತೇವೆ. ಇಲ್ಲಿ ಕೂತ ಧೂಳಿನ ಬಹುಪಾಲು ಒಂದು ದಿನದೊಳಗೆ ಮೇಲೆ ಬರುತ್ತದೆ. ಬೆಲ್ಲ ತಿಂದವರಿಗೂ ಬರುತ್ತದೆ, ತಿನ್ನದವರಿಗೂ ಬರುತ್ತದೆ. ಹೆಸರು ಮಾತ್ರ ಬೆಲ್ಲಕ್ಕೆ. ಈ ಕೆಲಸ ಕೆಡಿಸುವುದು ಬೀಡಿ. ಅದರ ಹೊಗೆ ರೋಮಗಳನ್ನು ಮಂದ ಮಾಡುತ್ತದೆ, ಬರಬರುತ್ತ ಉದುರಿಸಿಬಿಡುತ್ತದೆ. ಧೂಳಿನಲ್ಲಿ ದುಡಿಯುವವರು ಬೀಡಿ ಸೇದಿದರೆ ಹಾನಿ ಎರಡೂ ಕಡೆಯಿಂದ.

ಗಾಳಿಗೂಡುಗಳಲ್ಲಿ ಈ ರೋಮಗಳಿಲ್ಲ. ಅಲ್ಲಿಗೆ ತಲುಪುವ 5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಅಲ್ಲಿನ ಕಾವಲು ಕೋಶಗಳು ನುಂಗಿ ಸಾಗಿಸಬೇಕು. ಅದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಕಣ ಸಿಲಿಕಾ (ಕಲ್ಲು, ಮರಳಿನಲ್ಲಿರುವ ಖನಿಜ) ಆಗಿದ್ದರೆ ನುಂಗಿದ ಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬಿದ್ದು ಇನ್ನೊಂದು ಕೋಶವನ್ನು ಕೊಲ್ಲುತ್ತದೆ. ಹೀಗೆ ಗಾಯವಾಗಿ, ಕಲೆಗಟ್ಟಿ, ಪುಪ್ಪುಸ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಆದ ಕಲೆ ಯಾವ ಔಷಧಕ್ಕೂ ಮಾಯುವುದಿಲ್ಲ, ಜೊತೆಗೆ ಕ್ಷಯ ಹತ್ತುವ ಸಾಧ್ಯತೆಯೂ ಹೆಚ್ಚು. ಶಹಾಬಾದ ಕಲ್ಲು ಸುಣ್ಣದ ಕಲ್ಲು. ಗ್ರಾನೈಟ್, ಮರಳುಗಲ್ಲಿಗಿಂತ ಸಿಲಿಕಾ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ತೊಗರಿ ಹೊಟ್ಟಿನ ಧೂಳು ಹೀಗೆ ಕಲೆ ಕಟ್ಟುವ ಜಾತಿಯದಲ್ಲ. ಅದರಿಂದ ಅಲರ್ಜಿ, ಉಬ್ಬಸ ಬರುತ್ತದೆ.

ಬೆಲ್ಲದ ಪರವಾಗಿ ಒಂದು ಪ್ರಯೋಗ ಇದೆ, ಅದನ್ನೂ ಹೇಳಬೇಕು. ಲಖನೌದ ಸಂಶೋಧಕರು ಇಲಿಗಳ ಮೇಲೆ ಮಾಡಿ 1994ರಲ್ಲಿ ಪ್ರಕಟಿಸಿದ್ದು. ಬೆಲ್ಲ ತಿಂದ ಇಲಿಗಳ ಪುಪ್ಪುಸದಿಂದ ಧೂಳು ಹೆಚ್ಚು ಸಾಗಿತು ಎಂದು ಅವರು ಬರೆದರು. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಬೆಲ್ಲ ಕೊಟ್ಟೆವಲ್ಲ ಎಂದು ಮಾಸ್ಕ್ ಕೊಡದಿರುವ ಮಾಲೀಕರಿಗೆ ಇದು ನೆಪ ಆಗಬಾರದು.

ಕೆಲಸದ ಭಾರವೂ ಲೆಕ್ಕಕ್ಕೆ ಬರುತ್ತದೆ. ಎದೆಯ ತಳದ ವಪೆ ಎಂಬ ಸ್ನಾಯು ಬಿಗಿದು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ. ಸುಮ್ಮನೆ ಕೂತಾಗ ಒಂದು ಉಸಿರಿಗೆ ಅರ್ಧ ಲೀಟರ್, ನಿಮಿಷಕ್ಕೆ 6ರಿಂದ 8 ಲೀಟರ್. ಚೀಲ ಹೊರುವ ಹಮಾಲರಿಗೆ ಅದು 40 ಲೀಟರ್ ದಾಟಬಹುದು. ಅಷ್ಟು ಗಾಳಿಗೆ ಮೂಗು ಸಾಲದೆ ಬಾಯಿ ತೆರೆಯುತ್ತದೆ, ಮೂಗಿನ ಜಾಲರಿ ಅಲ್ಲಿಗೆ ತಪ್ಪಿತು. ಅದೇ ಧೂಳಿನಲ್ಲಿ ನಿಂತರೂ ಹೊರುವವರ ಎದೆಗೆ ಹೋಗುವುದು ಐದಾರು ಪಟ್ಟು.

ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳಷ್ಟೇ ತಡೆಯುತ್ತದೆ. ಎನ್-95 ಮಾಸ್ಕ್ ಸರಿಯಾಗಿ ಕೂತರೆ 0.3 ಮೈಕ್ರಾನಿನ ಕಣಗಳಲ್ಲೂ ಶೇ. 95ರಷ್ಟು ತಡೆಯುತ್ತದೆ. ಎರಡೂ ಪಟ್ಟಿ ತಲೆಯ ಹಿಂದೆ ಬರಲಿ, ಮೂಗಿನ ಮೇಲಿನ ಪಟ್ಟಿ ಒತ್ತಿರಲಿ. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿಗೆ ಗಾಳಿ ಬಡಿದರೆ ಅದು ಕೂತಿಲ್ಲ. ಗಡ್ಡ ಇದ್ದರೆ ಸಂದಿ ಉಳಿಯುತ್ತದೆ. ಕಲ್ಲು ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ನಿಲ್ಲದೆ ಬೀಳುತ್ತಿರಬೇಕು. ಇದು ಮಾಸ್ಕಿಗಿಂತ ದೊಡ್ಡ ರಕ್ಷಣೆ. ಒಣ ಧೂಳನ್ನು ಕಸಬರಿಗೆಯಿಂದ ಗುಡಿಸಬೇಡಿ, ನೀರು ಚಿಮುಕಿಸಿ.

ಎದೆ ಬಿಗಿತ ಕೆಲಸದ ದಿನ ಹೆಚ್ಚಾಗಿ ರಜೆಯ ದಿನ ಇಳಿದರೆ ಅದು ಮಿಲ್ಲಿನ ಧೂಳಿನ ಉಬ್ಬಸ ಇರಬಹುದು. ಎಕ್ಸ್-ರೇ ಸರಿಯಿದೆ ಎಂದು ಸುಮ್ಮನಾಗಬೇಡಿ. ಉಬ್ಬಸ ಅದರಲ್ಲಿ ಕಾಣದೆ ಇರಬಹುದು. ಕೊಳವೆಗೆ ಊದುವ ಸ್ಪೈರೋಮೆಟ್ರಿ ಪರೀಕ್ಷೆ ಕೇಳಿ: ಪೂರ್ತಿ ಉಸಿರೆಳೆದು, ಆರು ಸೆಕೆಂಡ್ ಬಲವಾಗಿ ಊದುವುದು. ಊದಿದ ಒಟ್ಟು ಗಾಳಿಯಲ್ಲಿ ಶೇ. 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ನಾಳ ಕಿರಿದಾಗಿದೆ ಎಂದು ಅರ್ಥ. ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಯಾವ ಕೆಲಸ, ಎಷ್ಟು ವರ್ಷದಿಂದ ಎಂಬುದು. ಸಿಲಿಕೋಸಿಸ್ ಕೆಲಸದಿಂದ ಬರುವ ರೋಗಗಳ ಕಾನೂನಿನ ಪಟ್ಟಿಯಲ್ಲೇ ಇದೆ. ಕೆಲಸದ ವಿವರ ಚೀಟಿಯಲ್ಲಿ ಬರೆಸಿಕೊಂಡರೆ ಮುಂದೆ ಪರಿಹಾರ ಕೇಳುವಾಗ ಅದೇ ಆಧಾರ.